ಗುಂಯ್‌ಗುಡುವ ಪೆಟ್ಟಿಗೆ

ಸ್ವಿಚ್ ಹಾಕಿ ಅರ್ಧ ನಿಮಿಷ ಕಾದೆ. ಮೂರೂ ವ್ಯಾಕ್ಯೂಮ್ ಟ್ಯೂಬುಗಳ ಒಳಗೆ ಕೆಂಪು ಹತ್ತಿತು. ಗಿಟಾರ್ ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ, ಆಗಲೇ ಆಂಪ್ಲಿಫೈಯರ್‌ನಿಂದ ಗುಂಯ್ ಅಂತ ಒಂದೇ ಸಮನೆ ಸದ್ದು. ಮೂರು ಶನಿವಾರ ಕೂತು ಬೆಸುಗೆ ಹಾಕಿದ ಪೆಟ್ಟಿಗೆಯಿಂದ ಕೇಳಿದ ಮೊದಲ ದನಿ ಅದು. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಫೆಂಡರ್ ಕಂಪನಿ 1961ರಲ್ಲಿ ತಂದ 6ಜಿ15 ರಿವರ್ಬ್ ಯೂನಿಟ್‌ನ ಮಾದರಿಯ ಕಿಟ್ ಇದು. ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಕೂತು ದನಿಗೆ ಪ್ರತಿಧ್ವನಿ ಸೇರಿಸುವ ಪೆಟ್ಟಿಗೆ. ನಾನಿರುವುದು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ಆ ಪೆಟ್ಟಿಗೆ ಹುಟ್ಟಿದ ಫುಲ್ಲರ್ಟನ್ ಇದೇ ಕೌಂಟಿಯ ಊರು. ಈ ಕಡೆ ಹೊರಟರೆ ಬಾಲ್ಬೋವಾ ಕಡಲತೀರ. ಸರ್ಫ್ ಸಂಗೀತಗಾರ ಡಿಕ್ ಡೇಲ್ ಗಿಟಾರ್ ಕೇಳಲು ಹುಡುಗರು ಕಿಕ್ಕಿರಿಯುತ್ತಿದ್ದ ರಾಂಡೆವೂ ಬಾಲ್‌ರೂಮ್ ಎಂಬ ನೃತ್ಯಶಾಲೆ ಅಲ್ಲಿತ್ತು. 1966ರಲ್ಲಿ ಬೆಂಕಿಗೆ ಹೋಯಿತು. ಕಡಲಲೆ ಸವಾರರ ನಡುವೆ ಬೆಳೆದ ಸರ್ಫ್ ಸಂಗೀತದ ಆ ಒದ್ದೆ ಒದ್ದೆ ಸದ್ದು ನನಗೆ ಬಹಳ ಇಷ್ಟ. ಅಂಗೈಯಗಲದ ಡಿಜಿಟಲ್ ಪೆಡಲ್ ಕೂಡ ಅದನ್ನು ಕೊಡುತ್ತದೆ, ನಿಜ. ಆದರೆ ನನಗೆ ಸ್ಪ್ರಿಂಗೇ ಬೇಕಿತ್ತು.

ಯಾಕೆಂದರೆ ಅದು ಕಣ್ಣಿಗೆ ಕಾಣುವ ಕೆಲಸ. ಉದ್ದನೆಯ ತಗಡಿನ ತಟ್ಟೆ, ಒಳಗೆ ಕೂದಲಿನಷ್ಟು ನಾಜೂಕಾಗಿ ತೂಗುವ ಸ್ಪ್ರಿಂಗುಗಳು. ಇದನ್ನೇ ಟ್ಯಾಂಕ್ ಅನ್ನುತ್ತಾರೆ. ಒಂದು ತುದಿಯ ಕಾಯಿಲ್‌ಗೆ, ಅಂದರೆ ತಂತಿಯ ಸುರುಳಿಗೆ, ಗಿಟಾರಿನ ಸಿಗ್ನಲ್ ಹೋದರೆ ಪುಟ್ಟ ಅಯಸ್ಕಾಂತ ಅಲುಗಿ ಸ್ಪ್ರಿಂಗನ್ನು ತಿರುಚುತ್ತದೆ. ಆ ತಿರುಚು ಇನ್ನೊಂದು ತುದಿಗೆ ಓಡಿ, ಬಡಿದು, ವಾಪಸ್ ಬಂದು, ಮತ್ತೆ ಓಡುತ್ತದೆ. ಅಲ್ಲಿರುವ ಕಾಯಿಲ್ ಅದನ್ನು ಮತ್ತೆ ಸಿಗ್ನಲ್ ಮಾಡುತ್ತದೆ. ಹಳೇ ರೇಡಿಯೋಗಳಲ್ಲಿ ಸ್ಪೀಕರ್ ನುಡಿಸುತ್ತಿದ್ದ 6ಕೆ6 ಟ್ಯೂಬೇ ಇಲ್ಲಿ ಸ್ಪ್ರಿಂಗ್ ಅಲುಗಿಸುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ?

ಗುಂಯ್ ಮಾತ್ರ ನಿಲ್ಲಲಿಲ್ಲ.

ಪ್ಲಗ್ ಕಿತ್ತೆ. ಕಿತ್ತ ಮೇಲೂ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಆಸುಪಾಸು ಉಳಿದಿರಬಹುದು, ಅದು ಆಟದ ಮಾತಲ್ಲ. ರೆಸಿಸ್ಟರ್ ಇಟ್ಟು ಇಳಿಸಿದೆ. ಮೀಟರ್‌ನಲ್ಲಿ ಸೊನ್ನೆ ಕಾಣುವವರೆಗೆ ಕೈ ಹಾಕಲಿಲ್ಲ. ಆಮೇಲೆ ಗ್ರೌಂಡಿಗೆ ಹೋಗುವ ಬೆಸುಗೆಗಳನ್ನೆಲ್ಲ ಇನ್ನೊಮ್ಮೆ ಕಾಯಿಸಿದೆ. ಟ್ಯೂಬ್ ಬದಲಿಸಿದೆ. ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ ಹೋಯಿತು. ಸದ್ದು ಹಾಗೇ ಇತ್ತು.

ಕೊನೆಗೆ ಟ್ಯಾಂಕಿನಿಂದ ವಾಪಸ್ ಬರುವ ಕೇಬಲ್ ಎಳೆದೆ. ಥಟ್ಟನೆ ನಿಶ್ಶಬ್ದ! ಅಂದರೆ ತೊಂದರೆ ಟ್ಯಾಂಕಿನದು, ಇಲ್ಲವೇ ಕೇಬಲ್‌ನದು. ಹೊಸ ಕೇಬಲ್ ಹಾಕಿದರೂ ಗುಂಯ್. ಆಗ ಟ್ಯಾಂಕಿನ ಸ್ಕ್ರೂ ಬಿಚ್ಚಿ, ಕೇಬಲ್ ಸಮೇತ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಬಲಕ್ಕೆ ಸರಿಸಿದರೆ ಸದ್ದು ಜಾಸ್ತಿ, ಎಡಕ್ಕೆ ಸರಿಸಿದರೆ ಕಡಿಮೆ. ಬಲಕ್ಕಿರುವುದು ಪವರ್ ಟ್ರಾನ್ಸ್‌ಫಾರ್ಮರ್. ಸ್ಪ್ರಿಂಗಿನಿಂದ ಬರುವ ಸಿಗ್ನಲ್ ಬರೀ ಕೆಲವು ಮಿಲಿವೋಲ್ಟ್. ಅದನ್ನು ಹಿಡಿಯುವ ಸೂಕ್ಷ್ಮ ಕಾಯಿಲ್ಲನ್ನೇ ನಾನು ಟ್ರಾನ್ಸ್‌ಫಾರ್ಮರ್‌ನ ಮಗ್ಗುಲಿಗೆ ಕೂರಿಸಿಬಿಟ್ಟಿದ್ದೆ. ಅದರ 60 ಹರ್ಟ್ಸ್ ಗುನುಗು ನೇರವಾಗಿ ಕಾಯಿಲ್‌ಗೆ ಇಳಿಯುತ್ತಿತ್ತು. ಬೆಸುಗೆಯಲ್ಲಿ ತಪ್ಪೇ ಇರಲಿಲ್ಲ. ಯಾವ ತುದಿ ಯಾವ ಕಡೆ ಅಂತ ಕಿಟ್ ಜೊತೆ ಬಂದ ಚಿತ್ರದಲ್ಲಿ ಇರಲಿಲ್ಲ. ಒಂದು ಸಾಲು ಬರೆದಿದ್ದರೆ ಎಷ್ಟೋ ಜನರ ಒಂದಿಡೀ ದಿನ ಉಳಿಯುತ್ತಿತ್ತು.

ಟ್ಯಾಂಕನ್ನು ತಿರುಗಿಸಿದೆ. ಕೇಬಲ್‌ಗಳನ್ನು ಅದಲುಬದಲು ಮಾಡಿದೆ. ಕಿವಿಯನ್ನು ಸ್ಪೀಕರ್‌ಗೆ ಒತ್ತಿ ಹಿಡಿದರೆ ಮಾತ್ರ ಕೇಳುವಷ್ಟು ಸದ್ದು ಉಳಿಯಿತು.

ಡ್ವೆಲ್ ಅನ್ನುವ ನಾಬ್ ಸ್ಪ್ರಿಂಗನ್ನು ಎಷ್ಟು ಜೋರಾಗಿ ಅಲುಗಿಸಬೇಕು ಅನ್ನುವುದನ್ನು ಹೇಳುತ್ತದೆ. ಅದನ್ನು ಮುಕ್ಕಾಲಿಗೆ ತಿರುಗಿಸಿ, ಗಿಟಾರಿನ ದಪ್ಪ ತಂತಿಯನ್ನು ಅಂಗೈಯಿಂದ ಅದುಮಿ ಒಮ್ಮೆ ಮೀಟಿದೆ. ಟಪ್! ಅದರ ಹಿಂದೆಯೇ ಆ ನೀರಿನ ಸದ್ದು. ಸರ್ಫ್ ಗಿಟಾರಿನವರು ಡ್ರಿಪ್ ಅನ್ನುತ್ತಾರೆ. ನನಗೆ ಕೇಳಿಸಿದ್ದು ಅಜ್ಜಿ ಮನೆಯ ಬಾವಿ. ಬರಿಗೊಡ ಕೆಳಗೆ ನೀರಿಗೆ ತಾಗಿದಾಗ ಕಲ್ಲಿನ ಗೋಡೆ ಹಿಡಿದು ಮೇಲೇರಿ ಬರುತ್ತಿದ್ದ ಸದ್ದು. ಇನ್ನೊಮ್ಮೆ ಮೀಟಿದೆ. ಕತ್ತಲಾಗುವವರೆಗೆ ಆ ಒಂದೇ ತಂತಿ ಮೀಟುತ್ತಾ ಕೂತಿದ್ದೆ.

ಮುಚ್ಚಳ ಹಾಕುವ ಮುಂಚೆ ತಗಡಿನ ಮೇಲೆ ಮಾರ್ಕರ್‌ನಲ್ಲಿ ಒಂದು ಬಾಣ ಎಳೆದೆ. ಪಕ್ಕದಲ್ಲಿ ಕನ್ನಡದಲ್ಲೇ ಬರೆದೆ: ‘ಈ ತುದಿ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರಲಿ.’