ಆಡದೆ ಉಳಿದ ಇಪ್ಪತ್ತನಾಲ್ಕು ನಿಮಿಷ

ನಾಳೆ, 2023ರ ಸೆಪ್ಟೆಂಬರ್ 21ರ ಗುರುವಾರ ರಾತ್ರಿ ಎಂಟು ಗಂಟೆಗೆ, ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ಎದುರಾಗುವುದರೊಂದಿಗೆ ಇಂಡಿಯನ್ ಸೂಪರ್ ಲೀಗಿನ ಹತ್ತನೆಯ ಆವೃತ್ತಿ ಆರಂಭವಾಗುತ್ತದೆ. ಐ-ಲೀಗ್ ಗೆದ್ದು ಬಡ್ತಿ ಪಡೆದ ಪಂಜಾಬ್ ಎಫ್‌ಸಿಯೂ ಸೇರಿ ಈ ಸಲ ಹನ್ನೆರಡು ತಂಡಗಳಿವೆ. ಅಷ್ಟು ತಂಡಗಳಿದ್ದರೂ ಮೊದಲ ದಿನಕ್ಕೆ ಈ ಎರಡು ತಂಡಗಳೇ ಬಂದಿರುವುದನ್ನು ನೋಡಿದಾಗ, ಫುಟ್‌ಬಾಲ್ ನೋಡುವ ಯಾರಿಗೇ ಆದರೂ ಮೊದಲು ನೆನಪಾಗುವುದು ಕಳೆದ ಮಾರ್ಚ್ 3ರ ರಾತ್ರಿ. ಆ ರಾತ್ರಿ ನಾನು ಕಂಠೀರವ ಕ್ರೀಡಾಂಗಣದಲ್ಲಿದ್ದೆ.

ಬೆಳಿಗ್ಗೆ ಚಿಕ್ಕಮಗಳೂರಿನಿಂದ ಬಸ್ಸು ಹಿಡಿದು, ಬೇಲೂರು, ಹಾಸನ ದಾಟಿ ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಲೀಗ್ ಹಂತದಲ್ಲಿ ನಾಲ್ಕನೆಯ ಸ್ಥಾನ ಪಡೆದ ಬೆಂಗಳೂರಿಗೂ ಐದನೆಯ ಸ್ಥಾನ ಪಡೆದ ಕೇರಳಕ್ಕೂ ನಡೆಯಬೇಕಿದ್ದ ಒಂದೇ ಪಂದ್ಯದ ಪ್ಲೇ-ಆಫ್ ಅದು. ಸೋತವರು ಮನೆಗೆ, ಗೆದ್ದವರು ಸೆಮಿಫೈನಲ್‌ಗೆ. ತೊಂಬತ್ತು ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಅವಧಿಯ ಆರನೆಯ ನಿಮಿಷದಲ್ಲಿ ಪೆನಾಲ್ಟಿ ಆವರಣದ ಹೊರಗೆ ಸುನಿಲ್ ಚೆಟ್ರಿಯವರನ್ನು ಬೀಳಿಸಿದ್ದಕ್ಕೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಆಟಗಾರರು ಚೆಂಡಿನ ದಾರಿಗೆ ಅಡ್ಡಲಾಗಿ ಸಾಲಾಗಿ ನಿಂತು ಗೋಡೆ ಕಟ್ಟುವ ಯೋಚನೆಯಲ್ಲಿದ್ದರು, ಗೋಲ್‌ಕೀಪರ್ ಕಂಬದ ಬಳಿ ನಿಂತು ಕೈಸನ್ನೆ ಮಾಡುತ್ತಿದ್ದರು. ಅಷ್ಟರಲ್ಲಿ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಕಳಿಸಿಬಿಟ್ಟಿದ್ದರು. ನಮ್ಮ ಗ್ಯಾಲರಿಯಲ್ಲಿ ಅರ್ಧದಷ್ಟು ಜನ ಕೂಗಿದರು, ಉಳಿದರ್ಧ ಜನ ಇದು ಗೋಲು ಹೌದೋ ಅಲ್ಲವೋ ಎಂದು ರೆಫರಿಯ ಕೈಯನ್ನೇ ನೋಡುತ್ತಿದ್ದರು. ಗೋಲು ಎಂದಾಯಿತು. ಆಮೇಲೆ ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ಮೈದಾನದ ಅಂಚಿಗೆ ಬಂದು ತಮ್ಮ ಆಟಗಾರರನ್ನು ಹೊರಗೆ ಕರೆದರು. ಹಳದಿ ಅಂಗಿಗಳು ಒಂದೊಂದಾಗಿ ಸುರಂಗದೊಳಗೆ ಮರೆಯಾದವು. ಸುಮಾರು ಹೊತ್ತು ಕಾದ ಮೇಲೆ ಪಂದ್ಯ ಬೆಂಗಳೂರಿನದೆಂದು ಸಾರಿದರು.

ಆ ಗೋಲು ನ್ಯಾಯವಾದದ್ದೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಫ್ರೀ ಕಿಕ್ ಸಿಕ್ಕ ತಂಡಕ್ಕೆ ಅದನ್ನು ತಕ್ಷಣ ತೆಗೆದುಕೊಳ್ಳುವ ಹಕ್ಕು ಆಟದ ನಿಯಮದಲ್ಲೇ ಇದೆ. ತಪ್ಪು ಮಾಡಿದ ತಂಡಕ್ಕೆ ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಎದುರಾಳಿಗಳು 9.15 ಮೀಟರ್ ದೂರ ಸರಿಯಲಿ ಎಂದು ಕಿಕ್ ತೆಗೆದುಕೊಳ್ಳುವವರು ಕೇಳಿದರೆ, ಅಥವಾ ರೆಫರಿ ಕಾರ್ಡು ತೋರಿಸಲು ಆಟವನ್ನು ತಡೆದರೆ, ಆಗ ಮಾತ್ರ ಸೀಟಿಗಾಗಿ ಕಾಯಬೇಕು. ತಮಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದಾಗಿ ಚೆಟ್ರಿ ಪಂದ್ಯದ ನಂತರ ತಿಳಿಸಿದರು. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದ ಬೇಡಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಒಪ್ಪಲಿಲ್ಲ. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ವುಕೊಮನೊವಿಚ್ ಅವರಿಗೆ 5 ಲಕ್ಷ ರೂಪಾಯಿ ದಂಡದ ಜೊತೆಗೆ ಹತ್ತು ಪಂದ್ಯಗಳ ನಿಷೇಧ ವಿಧಿಸಿತು.

ಇಷ್ಟೆಲ್ಲ ಸರಿಯಾಗಿದ್ದರೂ, ರಾತ್ರಿಯ ಬಸ್ಸಿನಲ್ಲಿ ಊರಿಗೆ ಮರಳುವಾಗ ನನಗೆ ಗೆದ್ದ ಸಮಾಧಾನ ಆಗಿರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಇನ್ನೂ ಇಪ್ಪತ್ತನಾಲ್ಕು ನಿಮಿಷ ಬಾಕಿ ಇತ್ತು. ಆ ಇಪ್ಪತ್ತನಾಲ್ಕು ನಿಮಿಷಗಳಲ್ಲಿ ಕೇರಳ ಮುನ್ನುಗ್ಗಿ ಬರುತ್ತಿತ್ತು, ಅವರ ಅಡ್ರಿಯನ್ ಲೂನಾ ಚೆಂಡನ್ನು ಆವರಣದೊಳಕ್ಕೆ ಹಾಕುತ್ತಲೇ ಇರುತ್ತಿದ್ದರು, ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಎರಡೋ ಮೂರೋ ಬಾರಿ ನಮ್ಮನ್ನು ಉಳಿಸಬೇಕಾಗುತ್ತಿತ್ತು. ಅದನ್ನೆಲ್ಲ ದಾಟಿ ಗೆದ್ದಿದ್ದರೆ ಆ ಗೆಲುವಿನ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ. ಆಟ ಬಿಟ್ಟು ಹೋದವರು ತಮ್ಮ ಅವಕಾಶವನ್ನು ಮಾತ್ರವಲ್ಲ, ನಮ್ಮ ಅವಕಾಶವನ್ನೂ ಕಸಿದುಕೊಂಡು ಹೋದರು.

ಆಮೇಲೆ ಇವೆರಡು ತಂಡಗಳು ಎದುರಾಗಿಲ್ಲವೆಂದಲ್ಲ. ಏಪ್ರಿಲ್‌ನಲ್ಲಿ ಕೋಯಿಕ್ಕೋಡಿನ ಸೂಪರ್ ಕಪ್‌ನಲ್ಲಿ 1-1, ಆಗಸ್ಟ್‌ನಲ್ಲಿ ಕೋಲ್ಕತ್ತದ ಡುರಾಂಡ್ ಕಪ್‌ನಲ್ಲಿ 2-2. ಎರಡೂ ಸಮಬಲ, ಎರಡನೆಯದರಲ್ಲಂತೂ ನಮ್ಮ ಕಡೆಯಿಂದ ಆಡಿದವರಲ್ಲಿ ಹೆಚ್ಚಿನವರು ಮೀಸಲು ತಂಡದ ಹುಡುಗರು. ಬಾಕಿಯ ಲೆಕ್ಕ ಹಾಗೇ ಉಳಿದಿದೆ.

ಚಿಕ್ಕಮಗಳೂರಿನಲ್ಲಿ ಕುಳಿತು ಈ ಪೈಪೋಟಿಯನ್ನು ನೋಡುವುದಕ್ಕೂ ಬೆಂಗಳೂರಿನಲ್ಲಿ ಕುಳಿತು ನೋಡುವುದಕ್ಕೂ ವ್ಯತ್ಯಾಸವಿದೆ. ನಮ್ಮ ಜಿಲ್ಲೆಯ ಕಾಫಿ ತೋಟಗಳಿಗೆ ಮಲಯಾಳಿಗಳು ಬಂದು ಎಷ್ಟೋ ತಲೆಮಾರುಗಳಾಗಿವೆ. ನರಸಿಂಹರಾಜಪುರದ ಕಡೆಗೆ ಹೋದರೆ ಊರೂರಿನಲ್ಲಿ ಕೇರಳದಿಂದ ಬಂದು ನೆಲೆಸಿದ ರೈತ ಕುಟುಂಬಗಳಿವೆ. ನನ್ನ ತಂದೆ ಆಲ್ದೂರಿನ ಹತ್ತಿರದ ಒಂದು ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಆಗಿದ್ದರು. ಕಾಫಿ ಒಣಗಿಸುವ ಕಣವು ಕೊಯ್ಲು ಮುಗಿದ ಮೇಲೆ ಖಾಲಿಯಾಗುತ್ತಿತ್ತು, ಆಗ ಸಂಜೆ ಕಾರ್ಮಿಕರ ಲೈನ್ ಮನೆಗಳ ಹುಡುಗರೆಲ್ಲ ಅಲ್ಲಿ ಸೇರುತ್ತಿದ್ದರು. ಚೆಂಡನ್ನು ಕಾಲಿನ ತುದಿಯಿಂದ ಒದೆಯಬಾರದು, ಪಾದದ ಒಳಬದಿಯಿಂದ ತಳ್ಳಬೇಕು ಎಂದು ನನಗೆ ಹೇಳಿಕೊಟ್ಟವರು ಮಲಪ್ಪುರದಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಹಿರಿಯರು. ಆದ್ದರಿಂದ ಕೇರಳದ ತಂಡ ಸೋಲಬೇಕೆಂದು ನಾನು ಬಯಸುವಾಗ, ಆ ಬಯಕೆಯಲ್ಲಿ ಹಗೆಯ ಲೇಶವೂ ಇಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಬೇಕರಿ ನಡೆಸುವವರು ಕಣ್ಣೂರಿನವರು. ಊರಿಗೆ ಊರೇ ಅವರನ್ನು ಚೇಟ, ಅಂದರೆ ಮಲಯಾಳದಲ್ಲಿ ಅಣ್ಣ, ಎಂದೇ ಕರೆಯುತ್ತದೆ. 2017ರ ಮೇ ತಿಂಗಳಿನಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಫೆಡರೇಷನ್ ಕಪ್ ಫೈನಲ್ ನಡೆದಾಗ ಅವರು ನನ್ನೊಂದಿಗೆ ಬೆಂಗಳೂರಿನ ಕಡೆ ಇದ್ದರು, ಏಕೆಂದರೆ ಆ ದಿನ ನಮ್ಮ ಎರಡೂ ಗೋಲುಗಳನ್ನು ಹೊಡೆದದ್ದು ಅವರದೇ ಊರಿನ ಸಿ.ಕೆ. ವಿನೀತ್. ಅದೇ ವರ್ಷ ವಿನೀತ್ ಮತ್ತು ತ್ರಿಶ್ಶೂರಿನ ರಿನೋ ಆಂಟೊ ಇಬ್ಬರೂ ಕೇರಳಕ್ಕೆ ಹೋದರು, ಬೆಂಗಳೂರು ಐ-ಲೀಗ್ ಬಿಟ್ಟು ಸೂಪರ್ ಲೀಗಿಗೆ ಬಂತು, ಡಿಸೆಂಬರ್ 31ರ ರಾತ್ರಿ ಕೊಚ್ಚಿಯಲ್ಲಿ ಎರಡು ತಂಡಗಳು ಮೊದಲ ಸಲ ಲೀಗಿನಲ್ಲಿ ಎದುರಾಗಿ ನಾವು 3-1ರಿಂದ ಗೆದ್ದೆವು. ಆ ಹೊಸ ವರ್ಷದ ಬೆಳಿಗ್ಗೆಯಿಂದ ಚೇಟ ಅವರೂ ನಾನೂ ಎದುರಾಳಿಗಳು.

ನಾಳೆಯ ಪಂದ್ಯದ ವಿಶೇಷವೆಂದರೆ, ಮಾರ್ಚ್ 3ರ ಜಗಳದ ಕೇಂದ್ರದಲ್ಲಿದ್ದ ಇಬ್ಬರೂ ಇರುವುದಿಲ್ಲ. ವುಕೊಮನೊವಿಚ್ ಅವರ ನಿಷೇಧದ ಆರು ಪಂದ್ಯಗಳು ಸೂಪರ್ ಕಪ್ ಮತ್ತು ಡುರಾಂಡ್ ಕಪ್‌ಗಳಲ್ಲಿ ಕಳೆದಿವೆ, ನಾಲ್ಕು ಉಳಿದಿವೆ. ಹಾಗಾಗಿ ಬೆಂಚಿನಲ್ಲಿ ಸಹಾಯಕ ತರಬೇತುದಾರ ಫ್ರಾಂಕ್ ದಾವೆನ್ ಇರುತ್ತಾರೆ. ಚೆಟ್ರಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಚೀನಾದ ಹಾಂಗ್‌ಝೌನಲ್ಲಿದ್ದಾರೆ. ನಿನ್ನೆ ಅಲ್ಲಿ ಭಾರತ ಆತಿಥೇಯ ಚೀನಾ ಎದುರು 1-5ರಿಂದ ಸೋತಿತು. ಭಾರತದ ಆ ಏಕೈಕ ಗೋಲನ್ನು ಹೊಡೆದವರು ಕೇರಳ ಬ್ಲಾಸ್ಟರ್ಸ್ ತಂಡದ ರಾಹುಲ್ ಕೆ.ಪಿ. ನಾಳೆ ಮಧ್ಯಾಹ್ನ ಬಾಂಗ್ಲಾದೇಶದ ವಿರುದ್ಧ ಚೆಟ್ರಿಯೂ ರಾಹುಲ್ ಅವರೂ ಒಂದೇ ಅಂಗಿ ತೊಟ್ಟು ಆಡುತ್ತಾರೆ, ಸಂಜೆ ಅವರ ತಂಡಗಳು ಕೊಚ್ಚಿಯಲ್ಲಿ ಪರಸ್ಪರ ಎದುರಾಗುತ್ತವೆ. ರಾಷ್ಟ್ರೀಯ ತಂಡದ ದೊಡ್ಡ ಕೂಟವೊಂದು ನಡೆಯುವಾಗಲೇ ಲೀಗ್ ಆರಂಭಿಸಿದ್ದು ನನಗೆ ಸರಿ ಎನ್ನಿಸಿಲ್ಲ. ಎರಡೂ ಕಡೆಯ ಅಭಿಮಾನಿಗಳಿಗೆ ಅದರಿಂದ ನಷ್ಟವಾಗಿದೆ, ದೇಶದ ತಂಡಕ್ಕೆ ಅದಕ್ಕಿಂತ ಹೆಚ್ಚಿನ ನಷ್ಟವಾಗಿದೆ.

ಚೆಟ್ರಿ ಇಲ್ಲದ ಬೆಂಗಳೂರು ಹೇಗಿರುತ್ತದೆ ಎಂಬುದೇ ನನ್ನ ದೊಡ್ಡ ಚಿಂತೆ. ಕಳೆದ ಸಲ ತರಬೇತುದಾರ ಸೈಮನ್ ಗ್ರೇಸನ್ ಅವರ ತಂಡದ ಆರಂಭ ತೀರಾ ಕೆಟ್ಟದಾಗಿತ್ತು, ಆಮೇಲೆ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಏರಿತು. ಆ ಓಟದಲ್ಲಿ ನನಗೆ ಬಹಳ ಹಿಡಿಸಿದ್ದು ಎದುರಾಳಿಯ ಮೇಲೆ ಮುಂದಿನಿಂದಲೇ ಒತ್ತಡ ಹೇರುತ್ತಿದ್ದ ರಾಯ್ ಕೃಷ್ಣ ಮತ್ತು ಯುವ ಆಟಗಾರ ಶಿವಶಕ್ತಿ ನಾರಾಯಣನ್ ಅವರ ಜೋಡಿ. ಈಗ ರಾಯ್ ಕೃಷ್ಣ ಒಡಿಶಾ ಸೇರಿದ್ದಾರೆ. ರಕ್ಷಕ ಸಂದೇಶ್ ಜಿಂಗಾನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ ಹೋಗಿದ್ದಾರೆ. ಮತ್ತೊಬ್ಬ ರಕ್ಷಕ ಅಲನ್ ಕೋಸ್ಟಾ ತಂಡ ಬಿಟ್ಟಿದ್ದಾರೆ. ಅಂದರೆ ರಕ್ಷಣಾ ವಿಭಾಗದ ನಡುಭಾಗವನ್ನು ಅರ್ಧಕ್ಕಿಂತ ಹೆಚ್ಚು ಹೊಸದಾಗಿಯೇ ಕಟ್ಟಬೇಕು. ಮಾಂಟೆನೆಗ್ರೊದ ಸ್ಲಾವ್ಕೊ ದಮ್ಯಾನೊವಿಚ್, ನೆದರ್ಲೆಂಡ್ಸ್‌ನ ಕೆಝಾಯ ವೀಂಡಾರ್ಪ್ ಬಂದಿದ್ದಾರೆ, ಆದರೆ ಜೊತೆಯಾಗಿ ಆಡಿದ ಅಭ್ಯಾಸವಿಲ್ಲದ ರಕ್ಷಕರಿಗೆ ಕಲೂರಿನಂಥ ಗದ್ದಲದ ಕ್ರೀಡಾಂಗಣ ಮೊದಲ ಪರೀಕ್ಷೆಯಾಗುವುದು ಸುಲಭದ ಮಾತಲ್ಲ. ಅಲ್ಲಿ ಕೇರಳದ ಅಭಿಮಾನಿ ಬಳಗವಾದ ಮಂಜಪ್ಪಡದವರು ಡೋಲು ಬಾರಿಸಲು ಶುರು ಮಾಡಿದರೆ ಪಕ್ಕದ ಆಟಗಾರ ಕೂಗಿದ್ದು ಸಹ ಕೇಳಿಸುವುದಿಲ್ಲ. ಮುಂಭಾಗದಲ್ಲಿ ಇಂಗ್ಲೆಂಡಿನ ಕರ್ಟಿಸ್ ಮೇನ್ ಎತ್ತರದ ಚೆಂಡುಗಳಿಗೆ ಒಳ್ಳೆಯ ಆಸರೆ. ಆದರೆ ರಾಯ್ ಕೃಷ್ಣ ಅವರ ಹಾಗೆ ಓಡಿ ಓಡಿ ಎದುರಾಳಿಗಳನ್ನು ದಣಿಸುವ ಆಟ ಅವರದ್ದಲ್ಲ, ಆ ಕೆಲಸವನ್ನು ಶಿವಶಕ್ತಿ ಮತ್ತು ಆಸ್ಟ್ರೇಲಿಯಾದ ರಯಾನ್ ವಿಲಿಯಮ್ಸ್ ಹಂಚಿಕೊಳ್ಳಬೇಕು.

ಕೇರಳವೂ ಬದಲಾಗಿದೆ. ಆ ಊರಿನವರ ಕಣ್ಮಣಿ ಸಹಲ್ ಅಬ್ದುಲ್ ಸಮದ್ ಮೋಹನ್ ಬಾಗಾನ್ ಸೇರಿದರು, ಅಲ್ಲಿಂದ ಪ್ರೀತಂ ಕೋಟಾಲ್ ಬಂದರು. ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಈಸ್ಟ್ ಬೆಂಗಾಲ್‌ಗೆ ಹೋದರು. ಕುತೂಹಲದ ಅದಲುಬದಲು ಮತ್ತೊಂದಿದೆ: ನಮ್ಮ ಬಲ ಅಂಚಿನಲ್ಲಿ ಓಡುತ್ತಿದ್ದ ಪ್ರಬೀರ್ ದಾಸ್ ಈಗ ಹಳದಿ ಅಂಗಿಯಲ್ಲಿದ್ದಾರೆ, ಅವರ ನಾಯಕರಾಗಿದ್ದ ಎಡಬದಿಯ ರಕ್ಷಕ ಜೆಸ್ಸೆಲ್ ಕಾರ್ನೇರೊ ನಮ್ಮ ನೀಲಿ ಅಂಗಿಗೆ ಬಂದಿದ್ದಾರೆ. ಇಬ್ಬರೂ ಆಡಿದರೆ ಅವರು ಎದುರುಬದುರಾಗುವುದು ಒಂದೇ ಅಂಚಿನಲ್ಲಿ.

ಆದರೆ ಪಂದ್ಯದ ತೀರ್ಪು ಅಂಚಿನಲ್ಲಿ ಆಗುವುದಿಲ್ಲ, ನಡುವಿನಲ್ಲಿ ಆಗುತ್ತದೆ ಎಂದು ನನ್ನ ಅನಿಸಿಕೆ. ಸಹಲ್ ಹೋದ ಮೇಲೆ ಕೇರಳದ ಆಟದ ಭಾರವೆಲ್ಲ ನಾಯಕ ಲೂನಾ ಅವರ ಮೇಲೆಯೇ ಬಿದ್ದಿದೆ. ಈ ಉರುಗ್ವೆ ಆಟಗಾರ ಎಷ್ಟು ಕೆಳಗಿಳಿದು ಚೆಂಡು ಪಡೆಯುತ್ತಾರೋ ಅಷ್ಟೇ ಬೇಗ ಎದುರಾಳಿಯ ಆವರಣದ ಮುಂದೆ ಕಾಣಿಸಿಕೊಳ್ಳುತ್ತಾರೆ. ಒಬ್ಬನೇ ಕಾವಲುಗಾರನಿಂದ ಅವರನ್ನು ಹಿಡಿದಿಡಲು ಆಗದು. ನಮ್ಮ ನಡುಮೈದಾನದ ಸುರೇಶ್ ಸಿಂಗ್ ವಾಂಗ್ಜಾಮ್ ಅವರ ದಣಿವರಿಯದ ಕಾಲುಗಳಿಗೆ ನಾಳೆ ಬಿಡುವು ಇರುವುದಿಲ್ಲ. ಸುರೇಶ್ ಲೂನಾ ಅವರ ಹಿಂದೆಯೇ ಓಡಿದರೆ, ನಮ್ಮ ಹಾವಿ ಹೆರ್ನಾಂಡಿಸ್ ಅವರಿಗೆ ಚೆಂಡು ತಲುಪಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಗ್ರೇಸನ್ ನಡುವೆ ಒಬ್ಬ ಹೆಚ್ಚುವರಿ ಆಟಗಾರನನ್ನು ಇಟ್ಟು, ಮೊದಲ ಅರ್ಧವನ್ನು ತಾಳ್ಮೆಯಿಂದ ಆಡಿಸಿದರೆ ನಮಗೆ ಅವಕಾಶವಿದೆ. ನಿಂತ ಚೆಂಡಿನ ಸಂದರ್ಭಗಳಲ್ಲಿ ನಾವೋರೆಮ್ ರೋಷನ್ ಸಿಂಗ್ ಅವರ ಕಾರ್ನರ್‌ಗಳು ನಮ್ಮ ಅತಿ ದೊಡ್ಡ ಅಸ್ತ್ರ, ಎದುರಿನ ಗೋಲಿನಲ್ಲಿ ಗಿಲ್ ಇಲ್ಲದಿರುವಾಗ ಅದನ್ನು ಮೇಲಿಂದ ಮೇಲೆ ಬಳಸಬೇಕು.

ಈ ತಂಡಕ್ಕೆ ಕಳೆದ ವರ್ಷ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಗೆದ್ದದ್ದು ನಿಜ. ಆದರೆ ಮಾರ್ಚ್ 18ರಂದು ಗೋವಾದಲ್ಲಿ ಲೀಗಿನ ಫೈನಲ್ 2-2ರಲ್ಲಿ ನಿಂತು ಪೆನಾಲ್ಟಿಗಳಲ್ಲಿ ಎಟಿಕೆ ಮೋಹನ್ ಬಾಗಾನ್ ಪಾಲಾಯಿತು, ಏಪ್ರಿಲ್ 25ರಂದು ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾ 2-1ರಿಂದ ಗೆದ್ದಿತು. ನಡುವೆ ಕನ್ನಡಿಗರಿಗೆ ಸಿಕ್ಕ ದೊಡ್ಡ ಸಂತೋಷ ಬೇರೆಯದೇ ಕಡೆಯಿಂದ ಬಂದದ್ದು, ಅದೂ ಆ ಕಂಠೀರವದ ರಾತ್ರಿಯ ಮರುದಿನವೇ: ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 1968-69ರಲ್ಲಿ ಮೈಸೂರು ರಾಜ್ಯವಾಗಿದ್ದಾಗ ಕೊನೆಯ ಸಲ ಗೆದ್ದಿದ್ದ, ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಮತ್ತೆ ತಂದಿತು. ಫ್ರೀ ಕಿಕ್ಕಿನ ಗಲಾಟೆಯಲ್ಲಿ ಆ ಹುಡುಗರ ಗೆಲುವಿಗೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ, ಅದು ನನಗೆ ಈಗಲೂ ನೋವಿನ ಸಂಗತಿ.

ಕೇರಳದವರ ಹಸಿವು ಇನ್ನೂ ಹಳೆಯದು. 2014, 2016 ಮತ್ತು 2022ರಲ್ಲಿ ಮೂರು ಫೈನಲ್‌ಗಳನ್ನು ಆಡಿ ಮೂರನ್ನೂ ಸೋತವರು ಅವರು, ಕೊನೆಯ ಎರಡನ್ನು ಪೆನಾಲ್ಟಿಗಳಲ್ಲಿ. ಒಂದೂ ಟ್ರೋಫಿ ಇಲ್ಲದ ತಂಡಕ್ಕಾಗಿ ಅಷ್ಟೊಂದು ಜನ ಪ್ರತಿ ಪಂದ್ಯಕ್ಕೂ ಬಂದು ಗಂಟಲು ಹರಿಯುವಂತೆ ಕೂಗುತ್ತಾರೆಂದರೆ ಅಂಥವರನ್ನು ಗೌರವಿಸದೆ ಇರಲಾಗದು. ನಮ್ಮ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದವರಿಗೂ ಇದು ಗೊತ್ತಿದೆ.

ನನ್ನ ಅಂದಾಜು ಹೇಳಬೇಕೆಂದರೆ, ನಾಳೆ ಕೇರಳದ ಕಡೆಗೇ ತಕ್ಕಡಿ ತೂಗುತ್ತದೆ. ಮನೆಯಂಗಳ ಅವರದು, ಆರು ತಿಂಗಳಿನಿಂದ ಅದುಮಿಟ್ಟ ಸಿಟ್ಟೂ ಅವರದು, ನಮ್ಮ ರಕ್ಷಣೆ ಹೊಸದು. ಗುರುಪ್ರೀತ್ ಅವರಿಗೆ ಒಳ್ಳೆಯ ದಿನವಾದರೆ 1-1, ಅದನ್ನು ನಾನು ಸಂತೋಷದಿಂದ ಸ್ವೀಕರಿಸುತ್ತೇನೆ. ಸೋತರೂ ತೊಂಬತ್ತು ನಿಮಿಷ ಪೂರ್ತಿ ಆಡಿ ಸೋಲಲಿ, ಗೆದ್ದರೂ ಪೂರ್ತಿ ಆಡಿ ಗೆಲ್ಲಲಿ. ಯಾರೂ ಅರ್ಧಕ್ಕೆ ಮೈದಾನ ಬಿಡದಿರಲಿ.

ಚೇಟ ಅವರು ನಾಳೆ ಎಂಟು ಗಂಟೆಗೆ ಬೇಕರಿಯ ಬಾಗಿಲನ್ನು ಅರ್ಧ ಎಳೆದು, ಒಳಗಿನ ಟಿವಿಯ ಮುಂದೆ ನಮ್ಮೈದಾರು ಜನರಿಗೆ ಕುರ್ಚಿ ಹಾಕುವುದಾಗಿ ಹೇಳಿದ್ದಾರೆ. ಮಾರ್ಚ್ 3ರ ರಾತ್ರಿ ಕೇರಳದ ಆಟಗಾರರು ಹೊರನಡೆಯುತ್ತಿದ್ದಂತೆಯೇ ತಾವು ಟಿವಿ ಆರಿಸಿ ಮಲಗಿದ್ದಾಗಿ ಅವರು ನನಗೆ ಹೇಳಿದ್ದು ಮೊನ್ನೆ ಮೊನ್ನೆ, ಅದೂ ನಾನು ಕೇಳಿದ ಮೇಲೆ. ನಾಳೆ ಏನೇ ಆದರೂ ಕೊನೆಯ ಸೀಟಿಯವರೆಗೆ ಆರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.