ಮೊದಲು ಬಂದವನು, ಪಕ್ಕಕ್ಕೆ ಸರಿದವನು

ನವೆಂಬರ್ 30, ಯೇಸುವಿನ ಹನ್ನೆರಡು ಪ್ರೇಷಿತರಲ್ಲಿ, ಅಂದರೆ ಆಪ್ತ ಶಿಷ್ಯರಲ್ಲಿ, ಒಬ್ಬರಾದ ಸಂತ ಅಂದ್ರೆಯರ ಹಬ್ಬ. ಕ್ರಿಸ್ಮಸ್ ತಯಾರಿಯ ಗಡಿಬಿಡಿಯಲ್ಲಿ ಇದು ಜಾಸ್ತಿ ಜನರ ಗಮನಕ್ಕೆ ಬರುವುದಿಲ್ಲ. ನಕ್ಷತ್ರ ಕಟ್ಟಬೇಕು, ಗೋದಲಿಗೆ ಹುಲ್ಲು ಹೊಂದಿಸಬೇಕು. ಬೆಳಗಿನ ಬಲಿಪೂಜೆಗೆ ಗುರುಗಳು ಕೆಂಪು ಉಡುಪಿನಲ್ಲಿ ಬಂದಾಗಲೇ ಎಷ್ಟೋ ಜನರಿಗೆ 'ಓ, ಇವತ್ತು ಯಾರೋ ಪ್ರೇಷಿತರ ಹಬ್ಬ' ಅಂತ ಹೊಳೆಯುವುದು. ಆದರೆ ಕ್ರಿಸ್ಮಸ್‌ಗೆ ಮನಸ್ಸು ಸಿದ್ಧಮಾಡಿಕೊಳ್ಳುವ ಆಗಮನ ಕಾಲ ಯಾವಾಗ ಶುರುವಾಗುತ್ತದೆ ಎಂಬ ಲೆಕ್ಕ ಇರುವುದೇ ಈ ತಾರೀಖಿನ ಮೇಲೆ. ಇದಕ್ಕೆ ಹತ್ತಿರದ ಭಾನುವಾರವೇ ಆಗಮನ ಕಾಲದ ಮೊದಲ ಭಾನುವಾರ.

ಅಂದ್ರೆಯ ಮೊದಲು, ಜನರಿಗೆ ನೀರಿನಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕ ಯೊವಾನ್ನನ ಶಿಷ್ಯ. ಒಂದು ದಿನ ಆ ಗುರುವೇ ಯೇಸುವಿನ ಕಡೆ ನೋಡಿ, "ಇಗೋ, ದೇವರ ಕುರಿಮರಿ" ಎಂದ. ಅಷ್ಟು ಸಾಕಾಯಿತು. ಅಂದ್ರೆಯ ಮತ್ತು ಇನ್ನೊಬ್ಬ ಸುಮ್ನೆ ಯೇಸುವಿನ ಹಿಂದೆ ಹೊರಟರು. ಯೇಸು ತಿರುಗಿ, "ಏನು ಬೇಕು?" ಎಂದು ಕೇಳಿದ. ಇವರಿಗೆ ತೋಚಿದ್ದು ಒಂದೇ ಮಾತು: "ಗುರುವೇ, ತಾವು ಎಲ್ಲಿ ಉಳಿದುಕೊಂಡಿದ್ದೀರಿ?" ಎಂಥ ಪ್ರಶ್ನೆ ನೋಡಿ! ಸಾಕ್ಷಾತ್ ದೇವರೇ ಎದುರಿಗೆ ನಿಂತಾಗ ವಿಳಾಸ ಕೇಳುವುದು. "ಬಂದು ನೋಡಿ" ಎಂದ ಯೇಸು. ಆಗ ಸಂಜೆ ಸುಮಾರು ನಾಲ್ಕು ಗಂಟೆ ಎಂದು ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಯೊವಾನ್ನನ ಶುಭಸಂದೇಶ ಹೇಳುತ್ತದೆ. ಆ ದಿನ ಅವರು ಏನೇನು ಮಾತಾಡಿದರು ಎಂಬುದು ಒಂದಕ್ಷರವೂ ಇಲ್ಲ. ಗಂಟೆ ಮಾತ್ರ ಇದೆ. ಬದುಕು ತಿರುಗಿದ ಹೊತ್ತು ಯಾರಿಗೂ ಮರೆಯುವುದಿಲ್ಲ, ಅಲ್ವಾ?

ಅಲ್ಲಿಂದ ಅಂದ್ರೆಯ ಮೊದಲು ಹುಡುಕಿಕೊಂಡು ಹೋಗಿದ್ದು ಒಡಹುಟ್ಟಿದ ಸಿಮೋನನನ್ನು. "ಮೆಸ್ಸೀಯ ನಮಗೆ ಸಿಕ್ಕಿದ" ಎಂದು, ಅಂದರೆ ಜನ ಕಾಯುತ್ತಿದ್ದ ರಕ್ಷಕ ಸಿಕ್ಕಿದ ಎಂದು ಹೇಳಿ ಕರೆದುಕೊಂಡು ಬಂದ. ಯೇಸು ಸಿಮೋನನನ್ನು ದಿಟ್ಟಿಸಿ ನೋಡಿ ಪೇತ್ರ ಎಂಬ ಹೊಸ ಹೆಸರು ಕೊಟ್ಟ. ಅಲ್ಲಿಂದ ಮುಂದೆ ಎಲ್ಲವೂ ಪೇತ್ರನದೇ. ನೀರಿನ ಮೇಲೆ ನಡೆದವನು, ಸ್ವರ್ಗದ ಬೀಗದಕೈ ಪಡೆದವನು, ಕೋಳಿ ಕೂಗುವ ಮೊದಲು ಯೇಸುವನ್ನು ಅಲ್ಲಗಳೆದು ಬಿಕ್ಕಿ ಅತ್ತವನು. ಅಂದ್ರೆಯನ ಗುರುತು 'ಸಿಮೋನ ಪೇತ್ರನ ಸೋದರ' ಅಂತ ಆಯಿತು. ತಾನು ಕರೆತಂದವನ ಹೆಸರೇ ಅವನ ವಿಳಾಸ. ಯೇಸು ರೂಪಾಂತರ ಹೊಂದಿದ ಬೆಟ್ಟಕ್ಕೆ ಪೇತ್ರ, ಯಾಕೋಬ, ಯೊವಾನ್ನ ಮೂವರೇ ಹೋದರು. ಮೊದಲು ಬಂದವನು ಕೆಳಗೇ ಉಳಿದ. ಅವನೇನು ಕಲ್ಲಾಗಿರಲಿಲ್ಲ ಬಿಡಿ. ಯಾಕೋಬ, ಯೊವಾನ್ನ ಯೇಸುವಿನ ಎಡಬಲದ ಸ್ಥಾನ ಕೇಳಿದಾಗ ಉಳಿದ ಹತ್ತು ಮಂದಿಗೆ ಸಿಟ್ಟು ಬಂತು ಎಂದು ಬರೆದಿದೆ. ಆ ಹತ್ತರಲ್ಲಿ ಅವನೂ ಒಬ್ಬ. ಸಿಟ್ಟು ಬಂದರೂ ಬಿಟ್ಟು ಹೋಗಲಿಲ್ಲ.

ನನಗೆ ತುಂಬಾ ಹತ್ತಿರವಾಗುವುದು ಐದು ಸಾವಿರ ಜನರ ಊಟದ ಪ್ರಸಂಗ. ಹೊತ್ತು ಹೋಗುತ್ತಿದೆ, ಜನರಿಗೆ ಹಸಿವು. ಇನ್ನೊಬ್ಬ ಶಿಷ್ಯ ಫಿಲಿಪ್ಪ ಲೆಕ್ಕ ಹಾಕಿಬಿಟ್ಟ: ಇನ್ನೂರು ನಾಣ್ಯಗಳ ರೊಟ್ಟಿ ತಂದರೂ ತಲೆಗೊಂದು ಚೂರು ಸಿಗುವುದಿಲ್ಲ. ಆಗಿನ ಒಂದು ಬೆಳ್ಳಿ ನಾಣ್ಯ ಅಂದರೆ ಒಂದು ದಿನದ ಕೂಲಿ. ಲೆಕ್ಕ ತಪ್ಪಲ್ಲ. ಆದರೆ ಅಂದ್ರೆಯ ಅಷ್ಟರಲ್ಲಿ ಗುಂಪಿನಲ್ಲಿ ಒಬ್ಬ ಹುಡುಗನನ್ನು ಕಂಡಿದ್ದ. ಹುಡುಗನ ಬಳಿ ಐದು ಜವೆಗೋಧಿ ರೊಟ್ಟಿ, ಎರಡು ಮೀನು. ಜವೆಗೋಧಿ ಬಡವರ ಧಾನ್ಯ, ಮೀನೂ ಸಣ್ಣವು. ಅದನ್ನು ಯೇಸುವಿಗೆ ಹೇಳಿದ ಅಂದ್ರೆಯ, ಅದೇ ಉಸಿರಿನಲ್ಲಿ, "ಆದರೆ ಇಷ್ಟು ಜನಕ್ಕೆ ಇದು ಎಲ್ಲಿ ಸಾಲುತ್ತದೆ?" ಎಂದೂ ಸೇರಿಸಿದ. ಅವನಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಹುಡುಗನ ಬುತ್ತಿ ಯೇಸುವಿನ ಮುಂದೆ ಬಂತು. ಅನುಮಾನ ತೀರಲಿ, ಆಮೇಲೆ ಹೇಳೋಣ ಎಂದು ಅಂದ್ರೆಯ ಕಾಯಲಿಲ್ಲ. ನಮ್ಮ ಭಕ್ತಿ ಎಡವುವುದೇ ಅಲ್ಲಿ ಅನ್ನಿಸುತ್ತದೆ ನನಗೆ.

ಮುಂದೊಮ್ಮೆ ಯೇಸುವನ್ನು ನೋಡಬೇಕೆಂದು ಕೆಲವು ಗ್ರೀಕರು ಬಂದಾಗಲೂ ಅಷ್ಟೇ. ಫಿಲಿಪ್ಪ ಹೋಗಿ ಅಂದ್ರೆಯನಿಗೆ ಹೇಳಿದ, ಇಬ್ಬರೂ ಸೇರಿ ಯೇಸುವಿಗೆ ತಿಳಿಸಿದರು.

ಹಬ್ಬದ ದಿನ ಓದುವ ಶುಭಸಂದೇಶ ಮತ್ತಾಯನದು. ಅಣ್ಣತಮ್ಮಂದಿರಿಬ್ಬರೂ ಗಲಿಲೇಯ ಸರೋವರದಲ್ಲಿ ಬೀಸುಬಲೆ ಹಾಕುತ್ತಿದ್ದಾಗ ಯೇಸು ಕರೆದ, ಬಲೆ ಅಲ್ಲೇ ಬಿಟ್ಟು ಹೊರಟರು. 1986ರಲ್ಲಿ ಬರ ಬಂದು ಆ ಸರೋವರದ ನೀರು ಇಳಿದಾಗ, ಮೀನುಗಾರ ಸೋದರರಿಬ್ಬರ ಕಣ್ಣಿಗೆ ಕೆಸರಿನಲ್ಲಿ ಹೂತ ಹಳೆಯ ದೋಣಿ ಬಿತ್ತು. ಉದ್ದ ಎಂಟು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಯೇಸುವಿನ ಕಾಲದ ಆಸುಪಾಸಿನದು. ಅಂದ್ರೆಯನದೇ ಎಂದು ಹೇಳಲು ಆಧಾರವಿಲ್ಲ, ಹೇಳುವುದೂ ಬೇಡ. ಆದರೆ ಅದರ ಮೈತುಂಬ ತೇಪೆ. ಸಿಕ್ಕ ಸಿಕ್ಕ ಜಾತಿಯ ಮರದ ತುಂಡು ಜೋಡಿಸಿ ಮತ್ತೆ ಮತ್ತೆ ದುರಸ್ತಿ ಮಾಡಿದ್ದಾರೆ. ಇಂಥ ದೋಣಿಯಲ್ಲಿ ದುಡಿದು ತಿನ್ನುವ ಜನರನ್ನೇ ಯೇಸು ಮೊದಲು ಕರೆದದ್ದು.

ಅಂದ್ರೆಯ ಗ್ರೀಸಿನ ಪತ್ರಾಸ್ ಊರಿನಲ್ಲಿ ಶಿಲುಬೆಗೇರಿ ಸತ್ತ ಎಂಬುದು ಪರಂಪರೆಯ ಮಾತು. ಅವನ ಜೊತೆ ಬಿಡಿಸುವ X ಆಕಾರದ ಓರೆ ಶಿಲುಬೆಯ ಚಿತ್ರ ಬಂದದ್ದು ಪರಂಪರೆಯಿಂದಲೇ. ಅವನನ್ನು ಪಾಲಕ ಸಂತ ಎಂದು ನಂಬುವ ಸ್ಕಾಟ್ಲೆಂಡಿನವರು ಬೆಂಗಳೂರಿಗೆ ಬಂದು ಕಬ್ಬನ್ ರಸ್ತೆಯಲ್ಲಿ ಕಟ್ಟಿದ ಕೆಂಪು ಚರ್ಚಿಗೂ ಅವನದೇ ಹೆಸರು. ರೋಮಿನ ಧರ್ಮಸಭೆ ಪೇತ್ರನದಾದರೆ, ಕಾನ್‌ಸ್ಟಾಂಟಿನೋಪಲ್‌ನ, ಅಂದರೆ ಈಗಿನ ಇಸ್ತಾಂಬುಲ್‌ನ, ಧರ್ಮಸಭೆ ಅಂದ್ರೆಯನದು. 1054ರ ಒಡಕಿನ ನಂತರ ಮುಖ ತಿರುಗಿಸಿದ್ದ ಈ ಎರಡು ಮನೆಗಳ ಹಿರಿಯರು 1964ರಲ್ಲಿ ಜೆರುಸಲೇಮಿನಲ್ಲಿ ಭೇಟಿಯಾದರು. ಆಗ ಕಾನ್‌ಸ್ಟಾಂಟಿನೋಪಲ್‌ನ ಪಿತಾಮಹ ಅಥೆನಾಗೊರಸ್, ರೋಮಿನ ಪೋಪ್ ಆರನೇ ಪಾಲರಿಗೆ ಕೊಟ್ಟ ಕಾಣಿಕೆ, ಪೇತ್ರ ಮತ್ತು ಅಂದ್ರೆಯ ತಬ್ಬಿಕೊಂಡಿರುವ ಚಿತ್ರಪಟ. ಈಗ ಪ್ರತಿ ನವೆಂಬರ್ 30ಕ್ಕೆ ರೋಮಿನಿಂದ ಇಸ್ತಾಂಬುಲ್‌ಗೆ ನಿಯೋಗ ಹೋಗುತ್ತದೆ, ಜೂನ್ 29ರ ಪೇತ್ರ ಪಾಲರ ಹಬ್ಬಕ್ಕೆ ಅಲ್ಲಿನವರು ರೋಮಿಗೆ ಬರುತ್ತಾರೆ.

ನಮ್ಮ ಹಳ್ಳಿಗಳಲ್ಲೂ ಅಂದ್ರೆಯರು ಇದ್ದರು. ಊರೂರು ನಡೆದು ಜಪ ಕಲಿಸಿದ ಉಪದೇಶಿಗಳು. ನಮ್ಮ ಅಜ್ಜಿಗೆ ಜಪಸರ ಹೇಳಿಕೊಟ್ಟವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರಿಗಾಗಿ ಪೂಜೆ ಕೊಡುವಾಗ ಚೀಟಿಯಲ್ಲಿ 'ಅಜ್ಜಿಯ ಉಪದೇಶಿ' ಅಂತ ಬರೆದೆ. ಗುರುಗಳು ಹಾಗೆಯೇ ಓದಿದರು.