ಅಣಬೆ ರೋಗದ ತೆಂಗು

ಇವತ್ತು ಹಿತ್ತಲಿನ ತೆಂಗಿನ ಬುಡದಲ್ಲಿ ಮತ್ತೊಂದು ಅಣಬೆ ಎದ್ದಿದೆ. ಮೇಲೆ ಅರಗು ಬಳಿದ ಹಾಗೆ ಕೆಂಪು ಹೊಳಪು, ಅಂಚು ಮಾತ್ರ ಬಿಳಿ. ಪಕ್ಕದಲ್ಲೇ ಕಾಂಡದ ಬಿರುಕಿನಿಂದ ಕಂದು ರಸ ಇಳಿದು ಒಣಗಿದೆ.

ಇದು ಗ್ಯಾನೋಡರ್ಮಾ, ಬೇರು ಮತ್ತು ಬುಡ ಕೊಳೆಸುವ ಶಿಲೀಂಧ್ರ. ಅಣಬೆ ಕಿತ್ತರೆ ಮುಗಿಯುವುದಿಲ್ಲ, ರೋಗ ಬೇರಲ್ಲೇ ಕೂತಿರುತ್ತದೆ.

5 ಕೆಜಿ ಬೇವಿನ ಹಿಂಡಿಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ಬುಡಕ್ಕೆ ಹಾಕಿದೆವು. ಸುತ್ತ 1 ಮೀಟರ್ ಆಳದ ಕಂದಕ. ಪಕ್ಕದ ಮರಗಳಿಗೆ ಬೇರಿನಿಂದ ಬೇರಿಗೆ ದಾಟಬಾರದು ಅಲ್ವಾ? ಇದರ ಪಾತಿಯ ನೀರೂ ಅತ್ತ ಹರಿಯಬಾರದು.

ಕೆಳಗಿನ ಗರಿಗಳು ಹಳದಿಯಾಗಿ ಜೋತು ಬಿದ್ದಿವೆ. ಮೇಲೆ ಇನ್ನೂ ಹೊಂಬಾಳೆ ಬಿಡುತ್ತಿದೆ! "ಕಡಿಸಿಬಿಡು" ಅಂತಾರೆ ಎಲ್ಲರೂ. ಮನೆ ಕಡೆ ವಾಲಿದ್ದರೆ ನಾನೂ ಕಡಿಸುತ್ತಿದ್ದೆ. ಇದು ಗದ್ದೆ ಕಡೆಗಿದೆ. ಅಮ್ಮ ನೆಟ್ಟಿದ್ದು ಬೇರೆ.

ಈ ಮಳೆಗಾಲ ಕಳೆಯಲಿ ಅಂದುಕೊಂಡಿದ್ದೇನೆ. ಹೀಗೆ ಮರ ಉಳಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.